ಅಡುಗೆ ಜಿಡ್ಡಿನ ನಿರ್ವಹಣೆ

ಎಣ್ಣೆ, ತುಪ್ಪ, ಡಾಲ್ಡಾ, ಹಾಲಿನ ಕೆನೆ ಮುಂತಾದ ಕೊಬ್ಬಿನ ಪದಾರ್ಥಗಳು ಪಾತ್ರೆ ತೊಳೆದ ನೀರಿನೊಡನೆ ಚರಂಡಿ ಸೇರದಂತೆ ತಡೆದು, ಬೇರೆಯಾಗಿ ವಿಲೇವಾರಿ ಮಾಡುವ ಕ್ರಮ. ಪಟ್ಟಣಗಳಲ್ಲಿ ಒಳಚರಂಡಿ ಕಟ್ಟಿಕೊಳ್ಳುವುದನ್ನೂ ಹಳ್ಳಿಗಳಲ್ಲಿ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿಗಳು ಕೆಡುವುದನ್ನೂ ಇದು ತಪ್ಪಿಸುತ್ತದೆ. ದಾಸೋಹ ನಡೆಯುವ ಯಾತ್ರಾಸ್ಥಳಗಳಲ್ಲಿ ಇದರ ಅಗತ್ಯ ಹೆಚ್ಚು.

ಕಟ್ಟಿಕೊಳ್ಳುವ ಬಗೆ: ಬಿಸಿಯಿದ್ದಾಗ ಹರಿಯುವ ಜಿಡ್ಡು ಕೊಳವೆಯಲ್ಲಿ ತಣಿದು ಒಳಮೈಗೆ ಅಂಟುತ್ತದೆ, ಅನ್ನದ ಅಗುಳು, ಬೇಳೆ, ಕೂದಲು ಅದಕ್ಕೆ ಮೆತ್ತಿಕೊಳ್ಳುತ್ತವೆ. ಕೊಬ್ಬು ಒಡೆದು ಹೊರಬರುವ ಮೇದಾಮ್ಲಗಳು ನೀರಿನ, ಕಾಂಕ್ರೀಟಿನ ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಿನಂಥ ಗಟ್ಟಿ ಪದರವಾಗುತ್ತವೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಸಿಕ್ಕ ಇಂಥ ಗಡ್ಡೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕವಿತ್ತು. ಬಿಸಿನೀರು, ಸಾಬೂನುಪುಡಿ ಜಿಡ್ಡನ್ನು ಕರಗಿಸಿದಂತೆ ಕಂಡರೂ ಮುಂದಕ್ಕೆ ತಳ್ಳುತ್ತವೆ, ಅಷ್ಟೆ.

ಉಳವಿಯ ಸಂದರ್ಭ: ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕಿನ ಉಳವಿ, 12ನೆಯ ಶತಮಾನದ ಶರಣ ಚನ್ನಬಸವಣ್ಣನ ಐಕ್ಯಸ್ಥಳ. ಮಾಘದ ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಇಂಥ ಕಾಡಿನ ನಡುವಣ ಊರುಗಳಲ್ಲಿ ಬಚ್ಚಲ ನೀರಿಗೆ ಇಂಗುಗುಂಡಿಯೇ ಆಧಾರ. ಅದರ ತಳದ ಮಣ್ಣಿನ ಸಂದುಗಳಲ್ಲಿ ಜಿಡ್ಡು ತುಂಬಿದರೆ ನೀರು ಇಂಗದು. ಮಳೆಗಾಲದಲ್ಲಿ ಗುಂಡಿ ಉಕ್ಕಿ ಹಳ್ಳಕ್ಕೆ ಹರಿಯುತ್ತದೆ. ಇದೇ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿಯ ಕೊಳ್ಳಕ್ಕೆ ಇದು ಮುಖ್ಯ ವಿಚಾರ.

ತಡೆಯುವ ವಿಧಾನ: ಕೊಪ್ಪರಿಗೆ, ಬಾಣಲೆಗಳಿಗೆ ನೀರು ಹಾಕುವ ಮೊದಲೇ ಜಿಡ್ಡನ್ನು ಬೂದಿಯಿಂದಲೋ ಕಾಗದದಿಂದಲೋ ಒರೆಸಿ ತೆಗೆಯುವುದು ಮೊದಲ ಹೆಜ್ಜೆ. ತೊಳೆದ ನೀರು ಜಾಲರಿ ದಾಟಿ ಜಿಡ್ಡುತೊಟ್ಟಿಗೆ (ಗ್ರೀಸ್ ಟ್ರ್ಯಾಪ್) ಬರುತ್ತದೆ. ಅಲ್ಲಿ ನೀರು ನಿಧಾನವಾಗಿ ಸಾಗಿದಂತೆ ಜಿಡ್ಡು ತೇಲುತ್ತದೆ, ಗಸಿ ಕೆಳಗಿಳಿಯುತ್ತದೆ. ಹೊರಕೊಳವೆಯ ಬಾಯಿ ಮೇಲ್ಮೈಗಿಂತ ಸಾಕಷ್ಟು ಕೆಳಗಿರುವುದರಿಂದ ನಡುವಿನ ನೀರು ಮಾತ್ರ ಆಚೆ ಹೋಗುತ್ತದೆ. ಜಿಡ್ಡು, ಗಸಿ ಎರಡೂ ಸೇರಿ ತೊಟ್ಟಿಯ ಆಳದ ಕಾಲುಭಾಗ ಮುಟ್ಟುವುದರೊಳಗೆ ಬಳಿದು ತೆಗೆಯಬೇಕು. ನಿತ್ಯದ ಬಳಕೆಗೆ ಕಟ್ಟಿದ ತೊಟ್ಟಿ ಜಾತ್ರೆಗೆ ಸಾಲದು: ನೀರು ರಭಸವಾಗಿ ನುಗ್ಗಿ, ಜಿಡ್ಡು ತೇಲುವ ಮುನ್ನವೇ ಹೊರಬೀಳುತ್ತದೆ. ಆ ದಿನಗಳಿಗೆ ದೊಡ್ಡ ತೊಟ್ಟಿಯೋ ಹೆಚ್ಚುವರಿ ತೊಟ್ಟಿಯೋ ಬೇಕು.

ನಿಯಮಗಳು: ಪರಿಸರ (ಸಂರಕ್ಷಣಾ) ನಿಯಮಗಳು, 1986ರ ಪ್ರಕಾರ ಹೊರಬಿಡುವ ತ್ಯಾಜ್ಯನೀರಿನಲ್ಲಿ ಎಣ್ಣೆ–ಜಿಡ್ಡಿನ ಮಿತಿ ಸಾರ್ವಜನಿಕ ಒಳಚರಂಡಿಗೆ ಲೀಟರಿಗೆ 20 ಮಿಲಿಗ್ರಾಂ, ಒಳನಾಡಿನ ಜಲಮೂಲಗಳಿಗೆ 10 ಮಿಲಿಗ್ರಾಂ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಅಂಥ ಎಣ್ಣೆಯನ್ನು ಜೈವಿಕ ಡೀಸೆಲ್ ತಯಾರಿಕೆಗೆ ಕೊಡಲು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ‘ರುಕೊ’ ಯೋಜನೆ ಆರಂಭಿಸಿತು. ಕಟ್ಟಿಕೊಂಡ ಮ್ಯಾನ್‌ಹೋಲಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ.