ನಿದ್ರಾ ಉಸಿರುಕಟ್ಟಿಗೆ ದಂತಚಿಕಿತ್ಸೆ: ಇತಿಹಾಸ

ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಗೆ ನಿದ್ರಾ ಉಸಿರುಕಟ್ಟು ಅಥವಾ ಸ್ಲೀಪ್ ಆಪ್ನಿಯಾ ಎಂದು ಹೆಸರು. ಕೆಳದವಡೆಯನ್ನು ರಾತ್ರಿಯಿಡೀ ತುಸು ಮುಂದಕ್ಕೆ ಹಿಡಿದಿಡುವ ಸಾಧನ ಕೊಟ್ಟು ದಂತವೈದ್ಯರು ಇದಕ್ಕೆ ಮಾಡುವ ಚಿಕಿತ್ಸೆಯ ಬೇರು ಕಾಯಿಲೆಯ ಹೆಸರಿಗಿಂತಲೂ ಹಳೆಯದು.

ಗೊರಕೆಯನ್ನು ಗಾಢ ನಿದ್ದೆಯ ಗುರುತೆಂದೇ ನಮ್ಮಲ್ಲಿ ನಂಬಿಕೊಂಡು ಬಂದಿದ್ದಾರೆ. ಕುಂಭಕರ್ಣನ ಹೆಸರೆತ್ತಿ ನಕ್ಕು ಸುಮ್ಮನಾಗುವುದುಂಟು. ಮನೆಯವರು ಕಿವಿಗೊಡಬೇಕಾದ್ದು ಗೊರಕೆಗಲ್ಲ, ಗೊರಕೆಯ ನಡುವೆ ಬೀಳುವ ಮೌನಕ್ಕೆ. ಉಸಿರು 10 ಸೆಕೆಂಡಾದರೂ ನಿಂತರೆ ಅದು ಒಂದು ಉಸಿರುಕಟ್ಟು. ಪೂರ್ತಿ ನಿಂತದ್ದು, ಅರೆಬರೆ ತಗ್ಗಿದ್ದು ಎರಡನ್ನೂ ಸೇರಿಸಿ ಗಂಟೆಗೆ 5ರಿಂದ 15 ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ ಎಂದು ವೈದ್ಯರು ವಿಂಗಡಿಸುತ್ತಾರೆ.

ಈ ಚಿಕಿತ್ಸೆಯ ಮೂಲಪುರುಷ ಫ್ರಾನ್ಸಿನ ಬಾಯಿ-ಹಲ್ಲಿನ ವೈದ್ಯ ಪಿಯರ್ ರೋಬಿನ್. 1902ರಲ್ಲೇ ಅವನು 'ಮೊನೊಬ್ಲಾಕ್' ಎಂಬ ಸಾಧನವನ್ನು ವಿವರಿಸಿದ್ದ; ಮೇಲಿನ ಹಲ್ಲುಸಾಲಿಗೂ ಕೆಳಗಿನ ಸಾಲಿಗೂ ಒಂದೇ ಅಚ್ಚಾಗಿ ಕೂರುವ ಸಾಧನ ಅದು. ಕೆಳದವಡೆ ಚಿಕ್ಕದಿದ್ದರೆ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಮುಚ್ಚುತ್ತದೆ ಎಂದು 1923ರಲ್ಲಿ ಬರೆದ. ದವಡೆ ಮುಂದೆ ಬಂದರೆ ನಾಲಿಗೆಯೂ ಬರುತ್ತದೆ, ಉಸಿರೂ ಸರಾಗವಾಗುತ್ತದೆ. ಇಂದಿನ ಸಾಧನಗಳೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಆದರೂ ಇದು ದೊಡ್ಡವರ ಗೊರಕೆಯ ಚಿಕಿತ್ಸೆಯಾಗಿ ಬೆಳೆಯಲು ಸುಮಾರು ಅರವತ್ತು ವರ್ಷ ಹಿಡಿಯಿತು. ಕಾಯಿಲೆಯೇ ಗುರುತಾಗಿರದ ಕಾಲದಲ್ಲಿ ಮದ್ದು ಕೈಯಲ್ಲಿದ್ದರೂ ಯಾರಿಗೆ ಕೊಡಬೇಕೆಂದು ತಿಳಿಯುವುದಾದರೂ ಹೇಗೆ?

ಗುರುತು ಸಿಕ್ಕಿದ್ದು 1965ರಲ್ಲಿ. ಫ್ರಾನ್ಸಿನಲ್ಲಿ ಗಸ್ತೋ ತಂಡದವರೂ ಜರ್ಮನಿಯಲ್ಲಿ ಯುಂಗ್ ಮತ್ತು ಕುಹ್ಲೋ ಅವರೂ ಮಲಗಿದವರ ಉಸಿರನ್ನು ರಾತ್ರಿಯಿಡೀ ದಾಖಲಿಸಿ ಅದು ನಿಲ್ಲುವುದನ್ನು ಕಂಡರು. ಆಗ ಇದ್ದ ಮುಖ್ಯ ಚಿಕಿತ್ಸೆ ಕತ್ತಿನಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ನಳಿಕೆ ಇಡುವುದು. 1976ರಲ್ಲಿ ಸ್ಟ್ಯಾನ್‌ಫರ್ಡಿನ ಗಿಯೆಮಿನೋ ಮತ್ತು ಸಂಗಡಿಗರ ಬರಹದಿಂದ ಸ್ಲೀಪ್ ಆಪ್ನಿಯಾ ಎಂಬ ಹೆಸರು ನೆಲೆಗೊಂಡಿತು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್, ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸಿಪ್ಯಾಪ್ ವಿಧಾನವನ್ನು ಪ್ರಕಟಿಸಿದರು. ತೀವ್ರ ಕಾಯಿಲೆಗೆ ಇಂದಿಗೂ ಅದೇ ಮೊದಲ ಚಿಕಿತ್ಸೆ.

ಆದರೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗಲಾರದವರು ಬಹಳ. 1982ರಲ್ಲಿ ಷಿಕಾಗೋದ ರೊಸಾಲಿಂಡ್ ಕಾರ್ಟ್‌ರೈಟ್, ನಾಲಿಗೆಯನ್ನೇ ಮುಂದಕ್ಕೆ ಹಿಡಿಯುವ ಸಾಧನದ ಫಲಿತಾಂಶವನ್ನು ಪ್ರಕಟಿಸಿದರು. 1984ರ ಹೊತ್ತಿಗೆ ಜರ್ಮನಿಯ ಮೈಯರ್-ಎವರ್ಟ್ ದವಡೆಯನ್ನು ಮುಂದೆ ತರುವ ಸಾಧನವನ್ನು ದೊಡ್ಡವರಲ್ಲಿ ಬಳಸಿದ್ದರು. ರೋಬಿನ್ನನ ವಿಚಾರ ಹೀಗೆ ಮತ್ತೆ ಚಾಲ್ತಿಗೆ ಬಂತು. 1991ರಲ್ಲಿ ಅಮೆರಿಕದ ದಂತವೈದ್ಯರು ಇದಕ್ಕಾಗಿಯೇ ಒಂದು ಸಂಘ ಕಟ್ಟಿಕೊಂಡರು.

ಸಾಧನದ ಕೆಲಸ ಕಟ್ಟುಹಲ್ಲಿನ ಕೆಲಸದಷ್ಟೇ ತಾಳ್ಮೆಯದು. ಎರಡೂ ಸಾಲಿನ ಅಚ್ಚು ತೆಗೆದು, ರೋಗಿ ದವಡೆಯನ್ನು ಎಷ್ಟು ಮುಂದಕ್ಕೆ ಚಾಚಬಲ್ಲರೆಂದು ಅಳೆದು, ಅದರ ಅರ್ಧದಷ್ಟರಿಂದ ಆರಂಭಿಸಿ ವಾರಗಟ್ಟಲೆ ಚೂರುಚೂರೇ ಮುಂದೆ ತರಬೇಕು. ಬೆಳಿಗ್ಗೆ ದವಡೆಯ ಕೀಲು ನೋಯಬಹುದು, ಜೊಲ್ಲು ಸುರಿಯಬಹುದು. ವರ್ಷಗಳು ಕಳೆದ ಮೇಲೆ ಹಲ್ಲುಗಳ ಕಚ್ಚು ಬದಲಾಗುವುದೂ ಇದೆ. ಸಿಡ್ನಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಉಸಿರುಕಟ್ಟನ್ನು ಹೆಚ್ಚು ಇಳಿಸಿದ್ದು ಸಿಪ್ಯಾಪ್. ಆದರೆ ರೋಗಿಗಳು ಅದನ್ನು ರಾತ್ರಿಗೆ ಸುಮಾರು 5.2 ಗಂಟೆ ಬಳಸಿದರೆ, ಬಾಯಿಯ ಸಾಧನವನ್ನು 6.5 ಗಂಟೆ ಬಳಸಿದರು. ರಕ್ತದೊತ್ತಡದ ಮಟ್ಟಿಗೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. 2015ರ ಅಮೆರಿಕದ ಮಾರ್ಗಸೂಚಿಯ ಪ್ರಕಾರ ಚಿಕಿತ್ಸೆ ಬರೆದುಕೊಡುವವರು ನಿದ್ರಾವೈದ್ಯರು, ಅಳತೆಗೆ ಮಾಡಿಕೊಡುವವರು ದಂತವೈದ್ಯರು; ಸಾಧನ ಹಾಕಿದ ಮೇಲೆ ಮತ್ತೊಮ್ಮೆ ನಿದ್ದೆ ಪರೀಕ್ಷೆ ಆಗಬೇಕು. ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಸಾಧನದಿಂದ ಗೊರಕೆ ಅಡಗಿಯೂ ಉಸಿರುಕಟ್ಟು ಉಳಿದಿರಬಹುದು.

ಭಾರತದಲ್ಲಿ ಕಾಯಿಲೆಯ ಅಗಲ ತಿಳಿಸಿದ ಮೊದಲ ಅಧ್ಯಯನಗಳಲ್ಲಿ ಮುಂಬೈಯ ಉದ್ವಾಡಿಯಾ ತಂಡದ್ದು ಒಂದು. 2004ರಲ್ಲಿ ಪ್ರಕಟವಾದ ಅದು, ನಗರದ 35ರಿಂದ 65 ವಯಸ್ಸಿನ ಗಂಡಸರಲ್ಲಿ ಹಗಲು ತೂಕಡಿಕೆಯೂ ಸೇರಿದ ಕಾಯಿಲೆಯನ್ನು ಶೇ. 7.5ರಷ್ಟು ಮಂದಿಯಲ್ಲಿ ಕಂಡಿತು. 2014ರ ಭಾರತೀಯ ಮಾರ್ಗಸೂಚಿ ಬಾಯಿಯ ಸಾಧನವನ್ನು ಸೌಮ್ಯ ಮತ್ತು ಮಧ್ಯಮ ಹಂತದವರಲ್ಲಿ ಅದನ್ನೇ ಬಯಸುವವರಿಗೆ, ಸಿಪ್ಯಾಪ್ ಒಗ್ಗದವರಿಗೆ ಒಪ್ಪಿದೆ.

ಉಸಿರಿನ ವೈದ್ಯರೂ ಹಲ್ಲಿನ ವೈದ್ಯರೂ ಎಷ್ಟು ಹತ್ತಿರ ಇರಬಲ್ಲರೆಂಬುದಕ್ಕೆ ಹೈದರಾಬಾದನ್ನು ನೋಡಿ. ಬೀದರಿನಿಂದ ಜಹೀರಾಬಾದ್ ಮೇಲೆ ಹೈದರಾಬಾದಿಗೆ ಬರುವ ಬಸ್ಸು ಮಿಯಾಪುರ ದಾಟಿ ಕೂಕಟ್‌ಪಲ್ಲಿಯ ಮುಖ್ಯ ರಸ್ತೆಯಲ್ಲೇ ಊರೊಳಗೆ ಬರುತ್ತದೆ. ಕಲ್ಯಾಣ ಕರ್ನಾಟಕದಿಂದ ದವಾಖಾನೆಗೆಂದು ಬರುವ ಕನ್ನಡಿಗರಿಗೆ ಇದು ಪರಿಚಿತ ದಾರಿ. ಇಲ್ಲಿಂದ ಮೆಟ್ರೋದ ಕೆಂಪು ಮಾರ್ಗದಲ್ಲೇ ಮುಂದೆ ಎರ್ರಗಡ್ಡದ ಸರ್ಕಾರಿ ಎದೆರೋಗ ಆಸ್ಪತ್ರೆ, ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆ, ಅಫ್ಜಲ್‌ಗಂಜಿನ ಸರ್ಕಾರಿ ದಂತ ಕಾಲೇಜು ಸಿಗುತ್ತವೆ. ಉಸಿರಿನ ವೈದ್ಯರೂ ಹಲ್ಲಿನ ವೈದ್ಯರೂ ಇಷ್ಟು ಹತ್ತಿರ ಇರುವಾಗ ಒಬ್ಬರ ವರದಿ ಇನ್ನೊಬ್ಬರ ಮೇಜಿಗೆ ತಲುಪದಿದ್ದರೆ ನಷ್ಟ ರೋಗಿಯದೇ. ಹಲ್ಲು ತೋರಿಸಲು ಹೋದಾಗ ಮನೆಯವರು ರಾತ್ರಿ ಕಂಡದ್ದನ್ನೂ ವೈದ್ಯರಿಗೆ ಹೇಳಿ; ಸಾಧನಕ್ಕೆ ಅಚ್ಚು ಕೊಡುವ ಮೊದಲು ನಿದ್ದೆ ಪರೀಕ್ಷೆಯ ವರದಿ ಕೈಯಲ್ಲಿರಲಿ.