ಮುದಗಲ್ಲಿನ ಪರ್ತಾಲ್: ಮುಂದಿನದು ಕಂಡ ಹುಡುಗಿ

ಅತಿಮಾನುಷ ಶಕ್ತಿ ಇರೋ ಹುಡುಗಿಯ ಮೇಲೆ ಮಕ್ಕಳಿಗೊಂದು ಐತಿಹಾಸಿಕ ಕಾದಂಬರಿ ಬರೀಬೇಕು ಅನ್ನೋರು ದೂರ ಹೋಗೋದು ಬ್ಯಾಡ. ನಮ್ಮ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಬರ್ರಿ.

1406. ಕೃಷ್ಣಾ, ತುಂಗಭದ್ರೆ ನಡುವಿನ ನಮ್ಮ ಎಡದೊರೆ ನಾಡಿಗಾಗಿ ವಿಜಯನಗರಕ್ಕೂ ಬಹಮನಿಗಳಿಗೂ ಜಗ್ಗಾಟ. ಮುದಗಲ್ಲಿನ ಅಕ್ಕಸಾಲಿಗನ ಮಗಳು ಪರ್ತಾಲ್. ಕಾಶಿಯಿಂದ ಬಂದ ಬ್ರಾಹ್ಮಣನೊಬ್ಬ ಆಕೆಗೆ ಸಂಗೀತ ಕಲಿಸಿ, ಆಕೆಯ ರೂಪವನ್ನ ಒಂದನೇ ದೇವರಾಯನ ಮುಂದೆ ಹೊಗಳಿದ. ಅರಸ ಉಡುಗೊರೆ ಕಳಿಸಿದ. ಅಪ್ಪ ಅವ್ವ ಹಿಗ್ಗಿದರು. ಹುಡುಗಿ ಮಾತ್ರ ಹಾರಕ್ಕೆ ಕೊರಳು ಕೊಡಲಿಲ್ಲ: ಆ ಅಂತಃಪುರ ಹೊಕ್ಕವರು ಮತ್ತೆ ಹೆತ್ತವರ ಮುಖ ನೋಡಂಗಿಲ್ಲ. ಆಮೇಲೆ ಮನೆಯವರಿಗೆ ಹೇಳಿದಳಂತೆ, ಮುಂದೊಂದು ದಿನ ತಾನು ಇಸ್ಲಾಂ ಸೇರಿ ದೊಡ್ಡ ಸ್ಥಾನಕ್ಕೆ ಏರ್ತೀನಿ, ಮನಸ್ಸು ಹಂಗ ಹೇಳ್ತದ ಅಂತ.

ದೇವರಾಯ ದಂಡು ಕಳಿಸಿದ. ಮನೆಯವರಿಗೆ ಮೊದಲೇ ಒಂದು ಮಾತು ಹೇಳಿ ಕಳಿಸೋದನ್ನ ಮರೆತ! ದಂಡು ಬಂತು ಅಂತ ಊರವರೆಲ್ಲ ಓಡಿದರು, ಆಕೆಯೂ ಓಡಿದಳು. ಬರಿಗೈಲೆ ಹೊರಟ ಸೈನಿಕರು ಸುತ್ತಲ ಹಳ್ಳಿ ಲೂಟಿ ಮಾಡಿದರು. ಫಿರೋಜ್ ಶಾ ಬಹಮನಿ ಯುದ್ಧಕ್ಕೆ ಬಂದ. ಕೊನೆಗೆ ದೇವರಾಯ ತನ್ನ ಮಗಳನ್ನೇ ಫಿರೋಜನಿಗೆ ಕೊಟ್ಟ, ಜೊತೆಗೆ ಬಂಕಾಪುರ ಕೋಟೆ. ಪರ್ತಾಲ್‌ಗೆ ಫಿರೋಜನ ಮಗ ಹಸನ್ ಖಾನ್ ಜೊತೆ ಮದುವೆ ಆಯ್ತು.

ನಾನು ಬಿ.ಕಾಂ. ಓದಿದವ, ಎಂಟ್ರಿ ಕಂಡ ಕೂಡಲೇ ವೋಚರ್ ಹುಡುಕ್ತೀನಿ. ಮಸ್ಕಿಯಲ್ಲಿ ಅಶೋಕನ ಹೆಸರಿಗೆ ಬಂಡೆನೇ ಸಾಕ್ಷಿ, 1915ರಲ್ಲಿ ಸಿಕ್ಕಿತು. ಪರ್ತಾಲ್‌ಗೆ ನಾವು ನಂಬಿರೋದು ಫೆರಿಷ್ತಾನ ಪಾರಸಿ ಬರಹ. ಆತ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದವ, ಬರೆದದ್ದು ಇನ್ನೂರು ವರ್ಷದ ನಂತರ. ಸುಲ್ತಾನರ ಚರಿತ್ರೆಗೆ ಆ ಭವಿಷ್ಯ ಎಷ್ಟು ಚೆನ್ನಾಗಿ ಹೊಂದ್ತದ ನೋಡ್ರಿ! ಅಕ್ಕಸಾಲಿಗನ ಮಗಳು ಅರಸನಿಗೆ ‘ಒಲ್ಲೆ’ ಅಂದಳು ಅಂದ್ರ ಅದಕ್ಕೊಂದು ದೈವಿಕ ಕಾರಣ ಬೇಕಾಯ್ತು ಅಂತ ನನ್ನ ಅನುಮಾನ. ಅಪ್ಪ ಅವ್ವನ್ನ ಬಿಟ್ಟಿರಲಾರೆ ಅನ್ನೋದು ಸಾಲದೇನು? ಮಕ್ಕಳಿಗಂತೂ ಅದು ಥಟ್ಟನೆ ತಿಳೀತದ. ಕಾದಂಬರಿಯಲ್ಲಿ ಕಣಿ ಇರಲಿ ಬಿಡ್ರಿ, ಆದ್ರ ಆ ಹಾರದ ಪ್ರಸಂಗ ಸಣ್ಣದಾಗಬಾರದು.

ಇನ್ನೊಂದು ಮಾತು. 1422ರಲ್ಲಿ ಗದ್ದುಗೆ ಹಿಡಿದವ ಫಿರೋಜನ ತಮ್ಮ ಅಹ್ಮದ್ ಶಾ. ಹಸನ್ ಖಾನ್ ಸುಲ್ತಾನ ಆಗಲೇ ಇಲ್ಲ.