ಕೇಳದ ಹಾಡಿಗೆ ಕಟ್ಟಿದ ದುಡ್ಡು

ಟ್ರಂಕ್ ಕಾಲ್ ಕಾಲದಲ್ಲಿ ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರು ಕರೆ ಬರೆಸುವುದು ಸುಲಭವಿರಲಿಲ್ಲ. ದಾವಣಗೆರೆಯ ದಲಾಲಿ ಅಂಗಡಿಯವರು ಬೊಂಬಾಯಿಗೆ ಮಾತಾಡಬೇಕೆಂದರೆ ಎಕ್ಸ್‌ಚೇಂಜಿಗೆ ಹೇಳಿ ಬುಕ್ ಮಾಡಬೇಕು. ಆರ್ಡಿನರಿಯೋ, ಅರ್ಜೆಂಟೋ, ಲೈಟ್ನಿಂಗೋ ತಿಳಿಸಬೇಕು. ಆಪರೇಟರ್ ಚೀಟಿ ಬರೆದುಕೊಂಡು, ಲೈನ್ ಸಿಕ್ಕ ಮೇಲೆ ಅದೇ ನಂಬರಿಗೆ ತಿರುಗಿ ಫೋನ್ ಮಾಡಿ, "ಬೊಂಬಾಯಿ ಕಾಲ್ ಬುಕ್ ಮಾಡಿದ್ರಾ? ಮಾತಾಡಿ" ಎನ್ನುತ್ತಿದ್ದರು. ಹಾಗೆ ತಿರುಗಿ ಕೇಳುವುದು ಲೈನ್ ಕೊಡುವ ಕ್ರಮ ಅಷ್ಟೇ. ಆದರೆ ಫೋನ್ ಇಟ್ಟುಕೊಂಡವರ ಲೆಕ್ಕಕ್ಕೆ ಅದೇ ಕಾವಲೂ ಆಗಿತ್ತು. ಆನಗೋಡಿನ ಹೆದ್ದಾರಿ ಬದಿಯಲ್ಲಿ ಮೊದಲು ಎಸ್‌ಟಿಡಿ ಬೂತ್, ಆಮೇಲೆ ಅದೇ ಅಂಗಡಿಯಲ್ಲಿ ಸಿಮ್, ರೀಚಾರ್ಜ್ ಎಂದು ಬದುಕು ಸಾಗಿಸಿದವನು ನಾನು. ಆ ತಿರುಗಿ ಕೇಳುವ ಪದ್ಧತಿ ತಪ್ಪಿದ್ದೇ ಮುಂದಿನ ಎಲ್ಲ ತೊಂದರೆಗೂ ಮೂಲ ಎಂದು ನನಗೆ ಖಚಿತವಾಗಿದೆ.

ಅದು ತಪ್ಪಿದ್ದು ಆಪರೇಟರ್ ಇಲ್ಲದೆ ದೂರದ ಊರಿಗೆ ನೇರ ಡಯಲ್ ಮಾಡುವ ಎಸ್‌ಟಿಡಿ ಬಂದಾಗ. ದೇಶದಲ್ಲಿ ಮೊದಲ ಎಸ್‌ಟಿಡಿ 1960ರಲ್ಲಿ ಕಾನ್ಪುರ–ಲಖನೌ ನಡುವೆ ಶುರುವಾಯಿತು. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ನಮ್ಮ ಹಳ್ಳಿಗಳಿಗೆಂದು ರೂಪಿಸಿದ ಸಣ್ಣ ಎಕ್ಸ್‌ಚೇಂಜ್ ಮೊದಲು ಕೂತದ್ದು ನಮ್ಮದೇ ಕಿತ್ತೂರಿನಲ್ಲಿ, 1986ರಲ್ಲಿ. ಅಂಥ ಪೆಟ್ಟಿಗೆಗಳು ಊರೂರಿಗೆ ಬಂದವು. ಸೊನ್ನೆ ತಿರುಗಿಸಿದರೆ ಸಾಕು, ನಡುವೆ ಯಾರೂ ಕೇಳುವವರಿಲ್ಲ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಮೀಟರಿನ ಹಿಂದಿನ ಅಂಕಿ, ಈಗಿನ ಅಂಕಿ ಇರುತ್ತಿತ್ತೇ ಹೊರತು ಯಾವ ಊರಿಗೆ, ಯಾವಾಗ, ಎಷ್ಟು ಹೊತ್ತು ಮಾತಾಡಿದ್ದೆಂಬುದು ಇರುತ್ತಿರಲಿಲ್ಲ.

ಜನ ತಮಗೆ ತಿಳಿದ ಉಪಾಯ ಮಾಡಿಕೊಂಡರು. ಡಯಲಿನ ತೂತಿಗೆ ಸಿಕ್ಕಿಸುವ ಗಿಡ್ಡ ಬೀಗ ಒಂದಿತ್ತು. ಒಂದರ ತೂತಿಗೆ ಹಾಕಿ ಕೀಲಿ ತಿರುವಿದರೆ ಚಕ್ರ ಮುಂದೆ ಸರಿಯುತ್ತಿರಲಿಲ್ಲ. ಕೀಲಿ ಯಜಮಾನರ ಉಡುದಾರದಲ್ಲೋ ಗಲ್ಲಾಪೆಟ್ಟಿಗೆಯಲ್ಲೋ ಇರುತ್ತಿತ್ತು. ಒಳಬರುವ ಕರೆಗೆ ಅಡ್ಡಿಯಿಲ್ಲ, ಹೊರಹೋಗುವುದು ಬಂದ್. ಆದರೆ ಚುರುಕು ಹುಡುಗರಿಗೆ ಅದೂ ತಡೆಯಾಗಲಿಲ್ಲ. ರಿಸೀವರ್ ಎತ್ತಿದಾಗ ಮೇಲೇಳುವ ಗುಂಡಿಯನ್ನು ಬೆರಳಿನಿಂದ ಟಕಟಕ ಒತ್ತುವರು: ಎರಡಕ್ಕೆ ಎರಡು ಸಲ, ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ, ಅಂಕಿ-ಅಂಕಿಗೂ ತುಸು ಬಿಡುವು ಕೊಟ್ಟು. ಡಯಲ್ ಮಾಡುತ್ತಿದ್ದ ಕೆಲಸವೂ ಅದೇ ತಾನೆ, ಲೈನನ್ನು ಅಷ್ಟು ಸಲ ಕಡಿದು ಕೂಡಿಸುವುದು. ಎಕ್ಸ್‌ಚೇಂಜಿಗೆ ಬೆರಳು ಯಾವುದು, ಚಕ್ರ ಯಾವುದು ತಿಳಿಯುತ್ತಿರಲಿಲ್ಲ.

ಮನೆಯೊಳಗಿನ ಕಳವಾದರೆ ಗದರಿಸಿ ನಿಲ್ಲಿಸಬಹುದು. ಬೀದಿಯ ಕಂಬದ ಮೇಲೆ ಫೋನ್ ತಂತಿಗಳು ಕೂಡುವ ಡಿಪಿ ಪೆಟ್ಟಿಗೆಯಲ್ಲಿ ಯಾರೋ ಇನ್ನೊಂದು ಫೋನ್ ಸಿಕ್ಕಿಸಿ ಮಾತಾಡಿದರೆ ಏನು ಮಾಡುವುದು? ಬಿಲ್ ಕಟ್ಟದಿದ್ದರೆ ಲೈನ್ ಕಟ್. ತಾನು ಮಾತಾಡಿಲ್ಲವೆಂದು ಸಾಬೀತು ಮಾಡುವ ಹೊರೆ ಬಿಲ್ ಬಂದವರ ತಲೆಗೇ ಬೀಳುತ್ತಿತ್ತು, ಅವರ ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದ ಮೇಲೆ ಗುಟ್ಟಿನ ಅಂಕಿ ಒತ್ತಿ ಎಸ್‌ಟಿಡಿ ಮುಚ್ಚುವ, ತೆರೆಯುವ ಸೌಲಭ್ಯ ಸಿಕ್ಕಿತು. ಈ ಬೀಗ ಎಕ್ಸ್‌ಚೇಂಜಿನಲ್ಲೇ ಬೀಳುತ್ತಿದ್ದುದರಿಂದ ಕಂಬ ಹತ್ತಿದವರ ಎಸ್‌ಟಿಡಿಯೂ ನಿಂತಿತು. ಇಷ್ಟು ಒಳ್ಳೆಯ ಏರ್ಪಾಡನ್ನು ಊರಲ್ಲಿ ಬಳಸಿದವರು ಕಡಿಮೆ. ಹೇಳಿಕೊಟ್ಟವರು ಅದಕ್ಕಿಂತ ಕಡಿಮೆ.

ಮೊಬೈಲ್ ಬಂದಾಗ ಕಳವಿನ ರೂಪವೇ ಬದಲಾಯಿತು. ಮೆಕ್ಕೆಜೋಳ ಮಾರಿ ಬಂದ ಹಿರಿಯರು ಅಂಗಡಿಗೆ ಬಂದು, "ತಮ್ಮಾ, ಮೊನ್ನೆ ಹಾಕ್ಸಿದ ರೊಕ್ಕ ಎಲ್ಲೋತು ನೋಡು" ಎಂದು ಫೋನ್ ಕೈಗಿಡುತ್ತಿದ್ದರು. ಬ್ಯಾಲೆನ್ಸ್ ಸೊನ್ನೆ. ಕಾರಣ ಕಾಲರ್ ಟ್ಯೂನ್. ಆ ಹಾಡಿನ ವಿಶೇಷವೆಂದರೆ ದುಡ್ಡು ಕೊಡುವವರ ಕಿವಿಗೆ ಅದು ಬೀಳುವುದೇ ಇಲ್ಲ, ಫೋನ್ ಮಾಡಿದವರಿಗೆ ಮಾತ್ರ ಕೇಳುತ್ತದೆ. ಹರಿಹರದಲ್ಲಿರುವ ಮಗಳು ಫೋನ್ ಮಾಡಿ, "ಅಪ್ಪಾಜಿ, ನಿಮ್ಮ ಫೋನಿನ್ಯಾಗ ಹಾಡು ಬರ್ತೈತಿ" ಎಂದಾಗಲೇ ಗೊತ್ತಾಗುವುದು. "ನಾ ಯಾವ ಹಾಡೂ ಹಾಕ್ಸಿಲ್ಲವಾ" ಎಂಬ ಮಾತು ಪೂರ್ತಿ ನಿಜ. ಪರದೆಯ ಮೇಲೆ ಇಂಗ್ಲಿಷಿನ ಸಂದೇಶವೊಂದು ತಾನಾಗಿ ಮೂಡಿರುತ್ತಿತ್ತು, ಅದನ್ನು ಹೋಗಲಾಡಿಸಲು ಅವರು ಓಕೆ ಒತ್ತಿರುತ್ತಿದ್ದರು. ಕಂಪನಿ ಲೆಕ್ಕದಲ್ಲಿ ಅದು ಒಪ್ಪಿಗೆಯಾಗಿತ್ತು. ಓದಲು ಬಾರದ ಭಾಷೆಯಲ್ಲಿ ಪಡೆದದ್ದನ್ನು ನಾನು ಒಪ್ಪಿಗೆಯೆಂದು ಕರೆಯಲಾರೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2011ರಲ್ಲಿ ಒಂದು ಆದೇಶ ಮಾಡಿತು, 2013ರ ಜುಲೈನಲ್ಲಿ ಇನ್ನೂ ಬಿಗಿ ಮಾಡಿತು: ಇಂಥ ಸೇವೆ ಶುರು ಮಾಡುವ ಮುಂಚೆ ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು, ಬೇಡವೆಂದವರು 155223ಕ್ಕೆ ತಿಳಿಸಿ ನಿಲ್ಲಿಸಬಹುದು. ಹಳೆಯ ಆಪರೇಟರ್ ಅಭ್ಯಾಸದಿಂದ ಮಾಡುತ್ತಿದ್ದ ಕೆಲಸವನ್ನೇ ಸರ್ಕಾರ ಕಾಗದದ ಮೇಲೆ ಮತ್ತೆ ಬರೆಯಬೇಕಾಯಿತು. ಆ ಸಂಖ್ಯೆಯನ್ನು ಅಂಗಡಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದೆ.

ಅಷ್ಟರಲ್ಲಿ ನಂಬರೇ ಆಸ್ತಿಯಾಗಿತ್ತು. 2011ರ ಜನವರಿ 20ರಿಂದ ದೇಶದೆಲ್ಲೆಡೆ ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ಬಂತು. 1900ಕ್ಕೆ ಪೋರ್ಟ್ ಎಂದು ಸಂದೇಶ ಕಳಿಸಿದರೆ ಎಂಟು ಅಕ್ಷರ-ಅಂಕಿಗಳ ಕೋಡ್ ಬರುತ್ತದೆ. ಅದನ್ನು ಮಾತಿನ ಮೋಡಿಯಲ್ಲಿ ಬೇರೆಯವರಿಗೆ ಹೇಳಿಬಿಟ್ಟರೆ, ಅಥವಾ ಸುಳ್ಳು ದಾಖಲೆ ಕೊಟ್ಟು ಯಾರೋ ಡೂಪ್ಲಿಕೇಟ್ ಸಿಮ್ ತೆಗೆಸಿದರೆ, ನಂಬರಿನ ಜೊತೆ ಬ್ಯಾಂಕಿನ ಓಟಿಪಿಯೂ ಹೋಯಿತು. ಸಿಮ್ ಬದಲಿಸಿದ ಏಳು ದಿನದೊಳಗೆ ಆ ಕೋಡ್ ಕೊಡಕೂಡದೆಂಬ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂತು. ಹೆಬ್ಬೆಟ್ಟೂ ಹೀಗೆಯೇ. ಸಿಮ್ಮಿಗೆಂದು ಕೊಟ್ಟ ಬೆರಳಚ್ಚಿನಿಂದ ಜನರಿಗೆ ಗೊತ್ತಿಲ್ಲದೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದರು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗುತ್ತಿದೆ ಎಂಬ ದೂರುಗಳೆದ್ದು, 2017ರ ಡಿಸೆಂಬರಿನಲ್ಲಿ ಆಧಾರ್ ಪ್ರಾಧಿಕಾರ ಏರ್‌ಟೆಲ್‌ನ ಇ-ಕೆವೈಸಿ ಅನುಮತಿಯನ್ನು ತಡೆಹಿಡಿದಿತ್ತು.

ನ್ಯಾಯದ ಬಾಗಿಲೂ ಒಮ್ಮೆ ಮುಚ್ಚಿ ತೆರೆದಿದೆ. ಟೆಲಿಫೋನ್ ಬಿಲ್ಲಿನ ತಕರಾರು ಗ್ರಾಹಕರ ನ್ಯಾಯಾಲಯಕ್ಕೆ ಬರುವುದಿಲ್ಲ, 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಮಧ್ಯಸ್ಥಿಕೆಗೆ ಹೋಗಿ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಗ್ರಾಹಕರ ನ್ಯಾಯಾಲಯಕ್ಕೂ ಹೋಗಬಹುದು ಎಂದು 2022ರ ಫೆಬ್ರುವರಿಯಲ್ಲಿ ಅದೇ ಕೋರ್ಟ್ ತೀರ್ಪು ಕೊಟ್ಟಿತು.

2023ರ ಮೇ ತಿಂಗಳಲ್ಲಿ ಬಂದ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ನೋಡಬಹುದು, ಗೊತ್ತಿಲ್ಲದ್ದನ್ನು 'ನನ್ನ ನಂಬರ್ ಅಲ್ಲ' ಎಂದು ಗುರುತು ಹಾಕಬಹುದು. ಆದರೆ ಕೀಪ್ಯಾಡ್ ಫೋನಿನ ಹಿರಿಯರು ಅದನ್ನು ತಾವಾಗಿ ತೆರೆಯಲಾರರು. ಅಂಗಡಿಯಲ್ಲಿ ನಾನೇ ತೆರೆದು, ಅವರ ಫೋನಿಗೆ ಬಂದ ಓಟಿಪಿ ಹಾಕಿ, ಒಂದೊಂದೇ ನಂಬರ್ ಓದಿ ಹೇಳುತ್ತೇನೆ. ಇದು ಅಂಗಡಿಯವನ ಪ್ರಾಮಾಣಿಕತೆಯ ಮೇಲೆ ನಿಲ್ಲಬೇಕಾದ ಕೆಲಸವಲ್ಲ. ಪಹಣಿ ತೆಗೆಸುವ ಗ್ರಾಮ ಒನ್ ಕೇಂದ್ರದಲ್ಲೇ ಈ ಪಟ್ಟಿಯನ್ನೂ ಕನ್ನಡದಲ್ಲಿ ಮುದ್ರಿಸಿ, ಓದಿ ಹೇಳಿ, ಕೈಗೆ ಕೊಡಲಿ.